ಮೈಲ್ 69ರ ಕೆಳಗಿನಿಂದ ಒಂದು ಪತ್ರ

ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸರ್. ನಾನು ಸಿರವಾರ ತಾಲ್ಲೂಕಿನ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಮೈಲ್ 69 ಅನ್ನುವ 69ನೇ ಮೈಲಿಯ ಕೆಳಗೆ, ನಾಲ್ಕು ಎಕರೆ ಎರೆಹೊಲ ಇದೆ.

ಈಗ ಎಲ್ಲಿ ನೋಡಿದರೂ ಕಾರಿಡಾರ್ ಮಾತು. ಸೂರತ್–ಚೆನ್ನೈ ಹೆದ್ದಾರಿ ನಮ್ಮ ಜಿಲ್ಲೆ ಹಾದು ಹೋಗುತ್ತದೆ, ಪಕ್ಕದಲ್ಲಿ ಗೋದಾಮು, ಕೋಲ್ಡ್ ಸ್ಟೋರೇಜ್ ಬರುತ್ತವೆ, ಹತ್ತಿ, ಮೆಣಸಿನಕಾಯಿಗೆ ಒಳ್ಳೆ ರೇಟು ಸಿಗುತ್ತದೆ ಅನ್ನುತ್ತಾರೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಗೋದಾಮಿಗೆ ಹಾಕಲು ಮಾಲು ಬೇಕಲ್ವಾ?

ನಮಗೊಂದು ಕಾರಿಡಾರ್ ಆಗಲೇ ಇದೆ. ತುಂಗಭದ್ರಾ ಜಲಾಶಯದ ಬಳಿಯ ಮುನಿರಾಬಾದಿನಿಂದ ಸುಮಾರು 227 ಕಿ.ಮೀ. ಹರಿಯಬೇಕಾದ ಕಾಲುವೆ. ಕಟ್ಟಿದವರ ಲೆಕ್ಕದಲ್ಲಿ ಇದರ ನೀರು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾಕ್ಕೆ. ಮೇಲ್ಭಾಗದಲ್ಲಿ ಭತ್ತ ಬಂತು. ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ರಾಜಕೀಯ. ಭತ್ತ ಹಾಕಬೇಡಿ ಅನ್ನುವುದೂ ಸರ್ಕಾರ, ಕಾರಟಗಿಯಲ್ಲಿ ರೈಸ್ ಪಾರ್ಕ್ ಮಾಡುವುದೂ ಸರ್ಕಾರ! ಅಲ್ಲಿನ ರೈತರನ್ನು ಬೈಯುತ್ತಿಲ್ಲ. ನೀರು ಮನೆ ಮುಂದೆ ಹರಿದರೆ ನಾನೂ ಭತ್ತವನ್ನೇ ಹಾಕುತ್ತಿದ್ದೆ.

ಹೋದ ವರ್ಷ ಬೈಕ್ ಹತ್ತಿ ಕಾಲುವೆ ದಂಡೆ ಹಿಡಿದು ಹೋದೆ. ಏರಿಯ ಮೇಲೆ ಕಪ್ಪು ಪೈಪುಗಳು ಹಾವಿನಂತೆ ಬಿದ್ದಿದ್ದವು. ಕಾಲುವೆ ನೀರು ಎತ್ತುವ ಮೋಟಾರು ಗುರ್ ಅನ್ನುತ್ತಿತ್ತು. ಇತ್ತ ನಮ್ಮ ತೂಬಿಗೆ ಬಾಗಿಲೇ ಇಲ್ಲ. ಮಣ್ಣು ತುಂಬಿದ ಗೊಬ್ಬರದ ಚೀಲ ಇಟ್ಟಿದ್ದೇವೆ, ಬೇಕಾದಾಗ ಕಾಲಲ್ಲಿ ಸರಿಸುತ್ತೇವೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಸರ್ಕಾರ ಓಡಿ ಬಂದಿತ್ತು. ಈ ಚೀಲವನ್ನು ನೋಡಲು ಯಾರೂ ಬಂದಿಲ್ಲ.

133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಕಡಿಮೆಯಾದದ್ದು ಯಾರ ಪಾಲಿನಿಂದ ಅಂತ ನಾನು ಹೇಳಬೇಕಿಲ್ಲ. ನಮ್ಮ ಕಡೆ ಗುಳೆ ಹೋದವರ ಮನೆ ಬಾಗಿಲಿಗೆ ಬೀಗ ಬಿದ್ದಿದೆ. ಹೊಲ ಕೇಳಿಕೊಂಡು ದಲ್ಲಾಳಿಗಳು ಬರುತ್ತಿದ್ದಾರೆ. ನೀರಿಲ್ಲದ ಹೊಲ ಅಗ್ಗಕ್ಕೆ ಸಿಗುತ್ತದೆ ನೋಡಿ. ನಾಳೆ ಗೋದಾಮು ಎದ್ದಾಗ ನಾವು ಅದರ ಗೇಟಲ್ಲಿ ವಾಚ್‌ಮನ್ ಆಗಿರುತ್ತೇವೆ, ಅಷ್ಟೇ.

ಕೇಳುವುದು ಜಾಸ್ತಿ ಇಲ್ಲ. ಮೈಲ್ 69ರ ಗೇಜ್ (ಕಾಲುವೆ ನೀರಿನ ಮಟ್ಟ) ಎಷ್ಟಿದೆ ಅಂತ ದಿನಾ ಬೆಳಿಗ್ಗೆ ಎಲ್ಲರಿಗೂ ಕಾಣುವಂತೆ ಹಾಕಿಸಿ. ಗೇಜ್ ಬಿದ್ದ ದಿನ ಮೇಲಿನ ಮೋಟಾರು ಯಾರದ್ದೇ ಆಗಿರಲಿ, ತೆಗೆಸಿ. ನಿಮ್ಮ ಪಕ್ಷದವರದ್ದಾದರೆ ಮೊದಲು ತೆಗೆಸಿ.

ನಾವು ಸರದಿ ಮೇಲೆ ತೂಬು ಕಾಯುತ್ತೇವೆ. ಒಂದು ರಾತ್ರಿ ಬನ್ನಿ ಸರ್. ಕಾರು ಅಲ್ಲಿಯವರೆಗೆ ಬರುವುದಿಲ್ಲ, ಮಳೆಯಾದರೆ ಎರೆಮಣ್ಣು ಚಪ್ಪಲಿಯನ್ನೂ ಬಿಡುವುದಿಲ್ಲ. ಕೊನೆಯ ಒಂದು ಕಿಲೋಮೀಟರ್ ನಡೆಯಬೇಕಾಗುತ್ತದೆ. ಬ್ಯಾಟರಿ ನಾನು ತರುತ್ತೇನೆ.

ಇಂತಿ,
ಕೊನೆಭಾಗದ ಒಬ್ಬ ರೈತ