ಭಾನುವಾರದ ಮಾತುಕತೆ: ಫೊರೆನ್ಸಿಕ್ ವೈದ್ಯರ ಕೆಲಸ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 11ಕ್ಕೆ ಗೂಗಲ್ ಮೀಟ್‌ನಲ್ಲಿ ನಮ್ಮ ಪಿಯು ಮಕ್ಕಳಿಗೆ ಮಾತುಕತೆ ಇದೆ. ಅನುಮಾನದ ಸಾವುಗಳ ತನಿಖೆಯಲ್ಲಿ ಸರ್ಕಾರಿ ಫೊರೆನ್ಸಿಕ್ ವೈದ್ಯರು ಏನು ಮಾಡುತ್ತಾರೆ ಅನ್ನುವುದೇ ವಿಷಯ.

ಸೀರಿಯಲ್ ನೋಡಿದ್ದನ್ನು ಮರೆತು ಬನ್ನಿ! ಅಮೆರಿಕದ ಹಾಗೆ ನಮ್ಮಲ್ಲಿ ಕರೋನರ್ (ಅನುಮಾನದ ಸಾವುಗಳ ವಿಚಾರಣೆಗೆಂದೇ ಇರುವ ಅಧಿಕಾರಿ) ಇಲ್ಲ. ಪಂಚನಾಮೆ ಪೊಲೀಸರದ್ದು, ಕಸ್ಟಡಿ ಸಾವಾದರೆ ಮ್ಯಾಜಿಸ್ಟ್ರೇಟರು ಬರುತ್ತಾರೆ. ವೈದ್ಯರು ಶವಪರೀಕ್ಷೆ ಮಾಡಿ ಹೇಳುವುದು ಸಾವಿನ ಕಾರಣ, ಸುಮಾರು ಯಾವ ಹೊತ್ತು ಅಂತ. ಕೊಂದವರು ಯಾರು ಅಂತ ಅಲ್ಲ. ಆಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳುವುದೂ ಇದೆ, ಅದೇ ಕಷ್ಟ.

ಓದು: ನೀಟ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಎಂಬಿಬಿಎಸ್, ಮತ್ತೆ 3 ವರ್ಷ ಎಂಡಿ ಫೊರೆನ್ಸಿಕ್ ಮೆಡಿಸಿನ್.

ಬರುವವರು ಶುಕ್ರವಾರದೊಳಗೆ ಹೆಸರು, ಜೊತೆಗೊಂದು ಪ್ರಶ್ನೆ ಇಲ್ಲೇ ಹಾಕಿ. ಸುಮ್ನೆ ಥಂಬ್ಸ್‌ಅಪ್ ಒತ್ತಿದರೆ ಲೆಕ್ಕಕ್ಕಿಲ್ಲ.