ತಡೆಯೋ ಜೀನ್ ಮೇಲೇ ಗೂಬೆ ಕೂರಿಸಿದ್ರಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ‘ಲಿವರ್, ಕರುಳಿನ ಕ್ಯಾನ್ಸರ್ ತರುವ ಪಿ53 ಜೀನ್ ಹಲವರಲ್ಲಿ’ ಅಂತ ದಪ್ಪಕ್ಷರದಲ್ಲಿ ಹಾಕಿದ್ರಲ್ಲ, ಅದನ್ನ ಬರೆದವರು ಯಾರು, ನೋಡಿ ಪಾಸ್ ಮಾಡಿದವರು ಯಾರು ಸ್ವಲ್ಪ ಹೇಳಿ. ಹಲವರಲ್ಲಿ ಏನು ಬಂತು, ಎಲ್ಲರಲ್ಲೂ ಇದೆ, ಬರೆದವರಲ್ಲೂ ಇದೆ, ಅದು ನೆಟ್ಟಗೆ ಕೆಲಸ ಮಾಡ್ತಿರೋದಕ್ಕೇ ಅವರು ಆರಾಮಾಗಿ ಕೂತು ಹೀಗೆಲ್ಲ ಬರೀತಿರೋದು. ಜೀವಕೋಶದ ಡಿಎನ್‌ಎಗೆ ಪೆಟ್ಟು ಬಿದ್ರೆ ಅದು ಮುಂದೆ ಎರಡಾಗದ ಹಾಗೆ ತಡೆದು, ರಿಪೇರಿಗೆ ಟೈಮ್ ಕೊಟ್ಟು, ಆಗ್ಲೇ ಇಲ್ಲ ಅಂದ್ರೆ ಆ ಕೋಶನೇ ಸಾಯೋ ಹಾಗೆ ಮಾಡೋದು ಪಿ53 ಕೆಲಸ, ಅದು ಕೆಟ್ಟು ಕೂತಾಗ ತಾನೇ ಕ್ಯಾನ್ಸರಿಗೆ ದಾರಿ ಆಗೋದು. ಕಳ್ಳತನ ಆದ ಮನೆ ಕಾವಲುಗಾರನ ಫೋಟೋ ಹಾಕಿ ಇವನೇ ಕಳ್ಳ ಅಂದ ಹಾಗಾಯ್ತು ನಿಮ್ಮ ಸುದ್ದಿ. 1979ರಲ್ಲಿ ಪಿ53 ಸಿಕ್ಕಾಗ ವಿಜ್ಞಾನಿಗಳೂ ಇದು ಕ್ಯಾನ್ಸರ್ ತರೋದೇ ಅಂದ್ಕೊಂಡಿದ್ರು, ನಿಜ. 1989ರಲ್ಲಿ ಅಮೆರಿಕದ ಕ್ಯಾನ್ಸರ್ ವಿಜ್ಞಾನಿ ವೋಗೆಲ್‌ಸ್ಟೈನ್ ತಂಡದವರು ಕರುಳಿನ ಗಡ್ಡೆಗಳನ್ನೇ ಪರೀಕ್ಷೆ ಮಾಡಿ ಅಲ್ಲ, ಇದು ತಡೆಯೋದು ಅಂತ ತೋರಿಸಿ ಆಯ್ತು. ನಿಮ್ಮ ಪುಟಕ್ಕೆ ಆ ಸುದ್ದಿ ಇನ್ನೂ ಬಂದು ಮುಟ್ಟಿಲ್ಲ ಅನ್ಸತ್ತೆ.

ನನಗ್ಯಾಕೆ ಇಷ್ಟು ಉರಿ ಅಂದ್ರೆ, ನಮ್ಮಣ್ಣಂಗೆ ದೊಡ್ಡಕರುಳಿನ ಆಪರೇಷನ್ ಆಗಿದೆ. ಪೇಪರ್ ಬಂದಿದ್ದೇ ತಡ ಫೋನ್ ಮೇಲೆ ಫೋನ್, ‘ಆ ಜೀನ್ ನಿಮ್ಮನೆಯವರಿಗೆಲ್ಲ ಇದೆಯಂತೆ ಹೌದಾ’ ಅಂತ. ಅತ್ತಿಗೆ ಫೋನ್ ಸ್ವಿಚ್ ಆಫ್ ಮಾಡಿ ಕೂತ್ರು. ಅಣ್ಣ ಆ ಪುಟ ಮಡಚಿ ದಿಂಬಿನ ಕೆಳಗೆ ಇಟ್ಕೊಂಡು ‘ಲೋ, ಇದನ್ನ ತೆಗೆಸಿ ಹಾಕಕ್ಕಾಗತ್ತೇನೋ’ ಅಂತಾನೆ. ಏನು ಹೇಳ್ಲಿ ಅವನಿಗೆ!

ನಮ್ಮನೆ ಪ್ರಶ್ನೆನೇ ಬೇರೆ ಸ್ವಾಮಿ. ಅಣ್ಣನ ಗಡ್ಡೆ ರಿಪೋರ್ಟಲ್ಲಿ ಎಂಎಸ್‌ಎಚ್2 ಅನ್ನೋ ಪ್ರೋಟೀನ್ ಇಲ್ಲ ಅಂತ ಬಂದಿದೆ, ಡಿಎನ್‌ಎ ಕಾಪಿ ಆಗೋವಾಗ ಆದ ತಪ್ಪು ತಿದ್ದೋದು ಅದರ ಕೆಲಸ. ಆ ಪ್ರೋಟೀನ್ ಮಾಡೋ ಜೀನಿನ ಒಂದು ಪ್ರತಿ ಹುಟ್ತಾನೇ ಕೆಟ್ಟಿದ್ರೆ ಲಿಂಚ್ ಸಿಂಡ್ರೋಮ್ ಅಂತಾರೆ, ಅಂದ್ರೆ ಕರುಳಿನ ಕ್ಯಾನ್ಸರಿನ ಅಪಾಯ ವಂಶದಲ್ಲೇ ಬರೋದು, ಹಾಗೇನಾದ್ರೂ ಇದ್ರೆ ಒಡಹುಟ್ಟಿದ ನನಗೂ ಅವನ ಮಕ್ಕಳಿಗೂ ಅದು ಬಂದಿರೋ ಚಾನ್ಸ್ ಅರ್ಧಕ್ಕರ್ಧ, ರಕ್ತ ಟೆಸ್ಟ್ ಮಾಡಿಸಿ, ಇದೆ ಅಂತಾದ್ರೆ ವರ್ಷಕ್ಕೋ ಎರಡು ವರ್ಷಕ್ಕೋ ಕೊಲೊನೋಸ್ಕೋಪಿ, ಅಂದ್ರೆ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡೋ ಪರೀಕ್ಷೆ ಮಾಡಿಸ್ಕೊಂಡು, ಇನ್ನೂ ಪಾಲಿಪ್ ಅನ್ನೋ ಸಣ್ಣ ಗಂಟಾಗಿದ್ದಾಗ್ಲೇ ತೆಗೆಸ್ಕೋಬಹುದು. ಇಷ್ಟೂ ಹೇಳಿದ್ದು ಪರಿಚಯದ ಡಾಕ್ಟರೊಬ್ಬರು. ಆಸ್ಪತ್ರೆಯೋರು ರಿಪೋರ್ಟ್ ಕೆಳಗೆ ‘ಕ್ಲಿನಿಕಲಿ ಕೋರಿಲೇಟ್’, ಅಂದ್ರೆ ರೋಗಿಯ ಸ್ಥಿತಿ ಜೊತೆ ಹೊಂದಿಸಿ ನೋಡ್ಕೊಳ್ಳಿ ಅಂತ ಸೀಲ್ ಒತ್ತಿ ಕಿಟಕಿಯಿಂದ ತಳ್ಳಿದ್ರು, ಅಷ್ಟೇ. ಏನಿದು ಅಂದ್ರೆ ಕಿಟಕೀಲಿದ್ದ ಆಯಮ್ಮ ಡಾಕ್ಟರನ್ನ ಕೇಳಿ ಅಂದ್ರು, ಡಾಕ್ಟರು ಜೆನೆಟಿಕ್ಸ್‌ನಲ್ಲಿ ಕೇಳಿ ಅಂದ್ರು, ಜೆನೆಟಿಕ್ಸ್ ರೂಮಿಗೆ ಬೀಗ. ವಾರಕ್ಕೊಂದಿನ ಬರ್ತಾರಂತೆ, ಯಾವ ದಿನ ಅನ್ನೋದು ಗುಟ್ಟು. ಗಡ್ಡೆಯ ತುಂಡನ್ನ ಮೇಣದಲ್ಲಿ ಹುದುಗಿಸಿ ಇಟ್ಟಿರೋ ಬ್ಲಾಕ್ ಆದ್ರೂ ಕೊಡಿ, ಬೇರೆ ಕಡೆ ತೋರಿಸ್ತೀವಿ ಅಂದ್ರೆ ಅರ್ಜಿ ಬರ್ಕೊಡಿ, ಅರ್ಜಿ ಕೊಟ್ರೆ ಸಾಹೇಬ್ರು ಮೀಟಿಂಗಲ್ಲಿದಾರೆ.

ಲಿವರ್ ವಿಷಯಕ್ಕೆ ಬರೋಣ, ಅದನ್ನೂ ಕರುಳಿನ ಜೊತೆ ಕಲಸಿ ಹಾಕಿದೀರಿ. ಕರುಳಲ್ಲಿ ಬಹಳಷ್ಟು ಸಲ ಮೊದಲು ಕೆಡೋದು ಎಪಿಸಿ ಅನ್ನೋ ಇನ್ನೊಂದು ತಡೆಯೋ ಜೀನ್, ಆಗ ಪಾಲಿಪ್ ಏಳತ್ತೆ, ಅದು ವರ್ಷಗಟ್ಟಲೆ ಬೆಳೆದು ಪಿ53 ಕೈಕೊಡೋದು ಕೊನೆ ಕೊನೆಗೆ. ಲಿವರಿಗೆ ಹೆಪಟೈಟಿಸ್ ಬಿ, ಸಿ, ಕುಡಿತ, ಬೂಷ್ಟು ಹಿಡಿದ ಕಾಳಲ್ಲಿರೋ ಅಫ್ಲಟಾಕ್ಸಿನ್ ಅನ್ನೋ ವಿಷ, ಎಲ್ಲಾ ಹೊರಗಿಂದ ಬಂದು ಕೆಡಿಸೋವು. ಈ ಅಫ್ಲಟಾಕ್ಸಿನ್ ಪಿ53ಯ 249ನೇ ಜಾಗಕ್ಕೇ ಗುರಿ ಇಟ್ಟು ಹೊಡೆಯತ್ತೆ ಅಂತ 1991ರಲ್ಲೇ ಗೊತ್ತಾಗಿದೆ. ಅಂದ್ರೆ ಇದನ್ನ ತಡೀಬಹುದು. ತಡೀಬೇಕಾದವರು ಎಲ್ಲಿದಾರೆ? ಗೋಡೌನಲ್ಲಿ ಕಾಳು ಚೆಕ್ ಮಾಡೋ ಆಫೀಸರನ್ನ ಯಾರಾದ್ರೂ ಕಣ್ಣಲ್ಲಿ ನೋಡಿದೀರಾ? ಹೆಪಟೈಟಿಸ್ ಬಿಗೆ ಲಸಿಕೆ ಇದೆ, ದೊಡ್ಡವರೂ ಹಾಕಿಸ್ಕೊಳ್ಳಿ ಅಂತ ಹೇಳೋಕೆ ಯಾರಿಗೆ ಪುರುಸೊತ್ತು, ಜಾಥಾ ಮಾಡಿ ಬ್ಯಾನರ್ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರೆ ಡ್ಯೂಟಿ ಮುಗೀತು. ಆ ಫೋಟೋನೂ ನೀವೇ ಹಾಕಿದ್ರಿ, ಅದ್ರಲ್ಲಿ ಒಬ್ಬ ಸಾಹೇಬ್ರ ಹೆಸರೂ ತಪ್ಪಿರ್ಲಿಲ್ಲ!

ತಿದ್ದುಪಡಿ ಹಾಕಿ, ಮೂಲೇಲಲ್ಲ, ಅದೇ ಜಾಗದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ. ಆಗಲ್ವಾ, ಇಂಥ ಸುದ್ದಿ ಹಾಕೋದೇ ಬಿಡಿ. ಆಸ್ಪತ್ರೆಯೋರು ಆ ರೂಮಲ್ಲಿ ಒಬ್ಬರನ್ನ ಕೂರಿಸ್ಲಿ, ಇಲ್ಲಾ ಬೋರ್ಡ್ ಕಿತ್ತಾಕ್ಲಿ. ಏನಾದ್ರೂ ಒಂದು ಮಾಡಿ, ತಿಂಗಳಾದ್ರೆ ಎಲ್ರೂ ಸಂಬಳ ಎಣಿಸ್ಕೋತೀರಲ್ಲ.

ಇತಿ,
ನಿಮ್ಮ ಹಳೇ ಓದುಗ