ಅರಸು ರಸ್ತೆಯ ಅಪರಿಚಿತರಿಗೆ

ಮೂರು ದಿನ ಕಂಪ್ಯೂಟರಿನ ಕರೆಗಳಲ್ಲಿ ನನ್ನ ದನಿ ಯಾರಿಗೂ ಮುಟ್ಟಿರಲಿಲ್ಲ. ನಾನು ಗಂಟಲು ಹರಿದುಕೊಂಡರೂ ಆಚೆಯಿಂದ ಮಗಳದು ಒಂದೇ ಮಾತು: “ಅಪ್ಪಾ, ಇದ್ದೀರಾ?” ಮೈಕ್ ಅನುಮತಿ, ಇನ್‌ಪುಟ್ ಆಯ್ಕೆ ಎಲ್ಲವನ್ನೂ ತಡಕಾಡಿ ಸೋತು, ಹೊಸ ಹೆಡ್‌ಸೆಟ್ ಕೊಳ್ಳಲು ಮೈಸೂರಿನ ದೇವರಾಜ ಅರಸು ರಸ್ತೆಗೆ ಬಂದಿದ್ದೆ.

ಅಂಗಡಿಯಲ್ಲಿ ಪಕ್ಕದಲ್ಲಿದ್ದ ನೀವು, ಒಂದು ಕೈಯಲ್ಲಿ ಮಲ್ಲಿಗೆಯ ಪೊಟ್ಟಣ ಹಿಡಿದೇ, ನನ್ನ ಹಳೆಯ ಹೆಡ್‌ಸೆಟ್ಟಿನ 3.5 ಮಿ.ಮೀ. ಪಿನ್ನನ್ನು ಬೆಳಕಿಗೆ ಒಡ್ಡಿ ಕಪ್ಪು ಗೆರೆಗಳನ್ನು ಎಣಿಸಿದಿರಿ. ಮೂರು! ಅಂದರೆ ಕಿವಿಗೂ ಮೈಕಿಗೂ ಒಂದೇ ಪಿನ್. ನನ್ನ ಹಳೆಯ ಕಂಪ್ಯೂಟರಿನಲ್ಲೋ ಹಸಿರು, ಗುಲಾಬಿ ಎಂದು ಎರಡು ತೂತು. ಹಸಿರಿಗೆ ಸಿಕ್ಕಿಸಿದರೆ ಕೇಳಿಸುತ್ತದೆ, ಮೈಕಿಗೆ ದಾರಿಯೇ ಇಲ್ಲ. ಕವಲು ಕೇಬಲ್ ಒಂದನ್ನು ಕೊಡಿಸಿದಿರಿ. (ಅಂಗಡಿಯವರ ಮುಖ ನೋಡಬೇಕಿತ್ತು.) ಹೆಸರು ಕೇಳುವಷ್ಟರಲ್ಲಿ ಆಟೋ ಹತ್ತಿಬಿಟ್ಟಿರಿ.

ಧನ್ಯವಾದಗಳು, ತಾಯಿ. ನಿನ್ನೆ ರಾತ್ರಿ ಮಗಳು, “ಅಪ್ಪಾ, ಇಷ್ಟು ಕೂಗಬೇಡಿ” ಎಂದಳು.